ಹಳೆ ಸ್ಟಾಕ್ ಮಾರಲು ಬಿಡಿ ಎಂದ ವಾಹನ ಕಂಪನಿಗಳು, ಆಗದು ಎಂದ ಸುಪ್ರೀಂ ಕೋರ್ಟ್: ಬಿಎಸ್-3, ಬಿಎಸ್-4 ಪ್ರಕರಣಗಳ ಪೂರ್ಣ ವಿವರ

2017ರ ಮಾರ್ಚ್ 30 ಮತ್ತು 31ರಂದು ದೇಶದ ಬಹುತೇಕ ಬೈಕ್ ಶೋರೂಂಗಳ ಮುಂದೆ ಜನಜಾತ್ರೆ. ಕೆಲವು ಸ್ಕೂಟರ್, ಬೈಕ್‌ಗಳ ಮೇಲೆ 20 ಸಾವಿರ ರೂಪಾಯಿಗೂ ಹೆಚ್ಚಿನ ರಿಯಾಯಿತಿ. ಎಷ್ಟೋ ಶೋರೂಂಗಳಲ್ಲಿ ಎರಡನೇ ದಿನ ಸಂಜೆಯೊಳಗೆ ಸ್ಟಾಕ್ ಖಾಲಿ. ಹಬ್ಬವಿರಲಿಲ್ಲ, ಕಂಪನಿಗಳಿಗೆ ದಿಢೀರನೆ ಗ್ರಾಹಕರ ಮೇಲೆ ಪ್ರೀತಿಯೂ ಉಕ್ಕಿರಲಿಲ್ಲ. ಏಪ್ರಿಲ್ 1ರಿಂದ ಬಿಎಸ್-3 ವಾಹನಗಳನ್ನು ಮಾರುವಂತಿಲ್ಲ, ನೋಂದಣಿ ಮಾಡುವಂತಿಲ್ಲ ಎಂದು ಮಾರ್ಚ್ 29ರಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಆಗ ಕಂಪನಿಗಳ ಬಳಿ ಮಾರಾಟವಾಗದೆ ಉಳಿದಿದ್ದ ಬಿಎಸ್-3 ವಾಹನಗಳ ಸಂಖ್ಯೆ ಸುಮಾರು 8.24 ಲಕ್ಷ!

ಈ ಸ್ಟಾಕ್ ಮಾರಲು ಕಾಲಾವಕಾಶ ಕೊಡಿ ಎಂದು ವಾಹನ ತಯಾರಕರು ಕೋರ್ಟ್ ಮುಂದೆ ಕೇಳಿಕೊಂಡಿದ್ದರು. ಅದು ಸಿಗಲಿಲ್ಲ. ಮೂರು ವರ್ಷಗಳ ನಂತರ ಬಿಎಸ್-4 ವಾಹನಗಳ ವಿಷಯದಲ್ಲೂ ಇದೇ ಬೇಡಿಕೆ, ಹೆಚ್ಚುಕಡಿಮೆ ಇದೇ ಉತ್ತರ. ಮಾಲಿನ್ಯ ನಿಯಮ ಬಿಗಿಯಾದಾಗಲೆಲ್ಲ ಯಾವುದಾದರೊಂದು ಉದ್ಯಮ ವಿನಾಯಿತಿ ಕೇಳುವುದು ಸಾಮಾನ್ಯ. ಆ ಬೇಡಿಕೆಯಲ್ಲಿ ಏನಿರುತ್ತದೆ? ಯಾವಾಗ ಅದು ನ್ಯಾಯ, ಯಾವಾಗ ಅಲ್ಲ? ವಿನಾಯಿತಿ ಕೊಟ್ಟರೆ ಅದರ ಬೆಲೆ ತೆರುವವರು ಯಾರು? ಇದನ್ನು ಅರ್ಥ ಮಾಡಿಕೊಳ್ಳಲು ಈ ಎರಡು ಪ್ರಕರಣಗಳು ಒಳ್ಳೆಯ ಉದಾಹರಣೆ.

ಏನಿದು ಭಾರತ್ ಸ್ಟೇಜ್?

ವಾಹನದ ಸೈಲೆನ್ಸರ್‌ನಿಂದ ಹೊರಬರುವ ಹೊಗೆಯಲ್ಲಿ ಯಾವ ಅನಿಲ ಎಷ್ಟಿರಬಹುದು, ಮಸಿಯ ಕಣಗಳು ಎಷ್ಟಿರಬಹುದು ಎಂದು ಹೇಳುವ ಮಾನದಂಡವೇ ಭಾರತ್ ಸ್ಟೇಜ್, ಅಂದರೆ ಬಿಎಸ್. ಇದು ಯುರೋಪಿನ ಯೂರೋ ಮಾನದಂಡವನ್ನು ಆಧರಿಸಿದ್ದು. 2000ನೇ ಇಸವಿಯಲ್ಲಿ ಮೊದಲ ಹಂತ ದೇಶಾದ್ಯಂತ ಜಾರಿಗೆ ಬಂತು. 2005ರಲ್ಲಿ ಬಿಎಸ್-2, 2010ರಲ್ಲಿ ಬಿಎಸ್-3 ದೇಶಕ್ಕೆಲ್ಲ ಅನ್ವಯವಾದವು.

2010ರಲ್ಲೇ 13 ನಗರಗಳಿಗೆ ಬಿಎಸ್-4 ಬಂದಿತ್ತು. ದೆಹಲಿ, ಮುಂಬೈ, ಚೆನ್ನೈ, ಬೆಂಗಳೂರು, ಹೈದರಾಬಾದ್, ಪುಣೆ ಈ ಪಟ್ಟಿಯಲ್ಲಿದ್ದವು. ಕನ್ನಡಿಗರು ಹೆಚ್ಚಾಗಿರುವ ಸೊಲ್ಲಾಪುರವೂ ಇತ್ತು. ಹೀಗಾಗಿ ಏಳು ವರ್ಷ ಒಂದೇ ದೇಶದಲ್ಲಿ ಎರಡು ನಿಯಮ. ನಗರದೊಳಗೆ ಕಾರು ಕೊಳ್ಳುವವನಿಗೆ ಬಿಎಸ್-4, ಹೊರಗಿನ ಊರಿನವನಿಗೆ ಬಿಎಸ್-3. ಹೊರಗಿನ ಊರಿನಲ್ಲಿ ನೋಂದಣಿಯಾದ ಲಾರಿ ಅದೇ ನಗರದೊಳಗೆ ಹೊಗೆ ಬಿಡುತ್ತ ಓಡಾಡಲು ಅಡ್ಡಿಯಿರಲಿಲ್ಲ. ಈ ವ್ಯತ್ಯಾಸ ತೆಗೆದು 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಬಿಎಸ್-4 ಎಂದು ಸರ್ಕಾರ ನಿಗದಿ ಮಾಡಿತು.

ಹಂತದಿಂದ ಹಂತಕ್ಕೆ ವ್ಯತ್ಯಾಸ ಎಷ್ಟು?

ದೊಡ್ಡ ಡೀಸೆಲ್ ಲಾರಿಗಳ ಎಂಜಿನ್‌ಗೆ ಬಿಎಸ್-3ರಲ್ಲಿ ಒಂದು ಕಿಲೋವ್ಯಾಟ್-ಗಂಟೆಗೆ 0.10 ಗ್ರಾಂ ಮಸಿ ಕಣಗಳ ಮಿತಿ ಇತ್ತು. ಬಿಎಸ್-4ರಲ್ಲಿ ಅದು 0.02 ಗ್ರಾಂ. ಅಂದರೆ ಶೇ.80ರಷ್ಟು ಕಡಿತ. ಡೀಸೆಲ್ ಕಾರಿಗೆ ಬಿಎಸ್-4ರಿಂದ ಬಿಎಸ್-6ಕ್ಕೆ ಬರುವಾಗ ಮಸಿಯ ಮಿತಿ ಕಿಲೋಮೀಟರ್‌ಗೆ 0.025 ಗ್ರಾಂನಿಂದ 0.0045 ಗ್ರಾಂಗೆ ಇಳಿಯಿತು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ. ಹಾಗಾಗಿ ಈ ದಶಾಂಶ ಬಿಂದುಗಳ ಹಿಂದೆ ಇರುವುದು ಜನರ ಶ್ವಾಸಕೋಶದ ಪ್ರಶ್ನೆ.

ಎಂಜಿನ್ ಬದಲಾದರೆ ಸಾಲದು, ಇಂಧನವೂ ಬದಲಾಗಬೇಕು. ಬಿಎಸ್-3 ಡೀಸೆಲ್‌ನಲ್ಲಿ 10 ಲಕ್ಷಕ್ಕೆ 350 ಭಾಗ ಗಂಧಕ ಇರಬಹುದಿತ್ತು. ಬಿಎಸ್-4ರಲ್ಲಿ 50, ಬಿಎಸ್-6ರಲ್ಲಿ ಕೇವಲ 10. ಹಳೆಯ ಎಂಜಿನ್‌ಗೆ ಹೊಸ ಇಂಧನ ಹಾಕಿದರೆ ತೊಂದರೆ ಇಲ್ಲ. ಆದರೆ ಹೊಸ ಎಂಜಿನ್‌ಗೆ ಗಂಧಕ ಹೆಚ್ಚಿರುವ ಹಳೆಯ ಇಂಧನ ಹಾಕಿದರೆ ಹೊಗೆ ಶುದ್ಧಿ ಮಾಡುವ ಉಪಕರಣ ಹಾಳಾಗುತ್ತದೆ. ಈ ಅಂಶ ಮುಂದೆ ಕಂಪನಿಗಳ ವಾದದಲ್ಲಿ ಮುಖ್ಯವಾಯಿತು.

ಕಂಪನಿಗಳು ಕೇಳಿದ್ದೇನು?

ಇಡೀ ಪ್ರಕರಣ ನಿಂತಿದ್ದು ಒಂದು ಪ್ರಶ್ನೆಯ ಮೇಲೆ. ಏಪ್ರಿಲ್ 1 ಎಂಬ ಗಡುವು ವಾಹನ ತಯಾರಿಕೆಗೋ, ಮಾರಾಟಕ್ಕೋ?

ಸರ್ಕಾರದ ಅಧಿಸೂಚನೆಯಲ್ಲಿ ಇದ್ದದ್ದು, ಏಪ್ರಿಲ್ 1 ಮತ್ತು ನಂತರ ತಯಾರಾಗುವ ವಾಹನಗಳು ಬಿಎಸ್-4 ಆಗಿರಬೇಕು ಎಂದು. ಹಾಗಾದರೆ ಮಾರ್ಚ್ 31ರವರೆಗೆ ಬಿಎಸ್-3 ತಯಾರಿಸುವುದು ಕಾನೂನುಬದ್ಧ, ತಯಾರಿಸಿದ್ದನ್ನು ನಂತರ ಮಾರುವುದೂ ಕಾನೂನುಬದ್ಧ ಎಂಬುದು ಕಂಪನಿಗಳ ವಾದ. 2005 ಮತ್ತು 2010ರಲ್ಲಿ ಹಂತ ಬದಲಾದಾಗ ಹಳೆ ಸ್ಟಾಕ್ ಮಾರಲು ಅವಕಾಶ ಸಿಕ್ಕಿತ್ತು ಎಂದೂ ಅವರು ನೆನಪಿಸಿದರು. ಬಿಎಸ್-4 ಇಂಧನ ಎಲ್ಲ ಕಡೆ ಸಿಗುವುದೇ ಏಪ್ರಿಲ್ 1ರಿಂದ, ಅದಕ್ಕೂ ಮುಂಚೆ ಇಡೀ ದೇಶಕ್ಕೆ ಬಿಎಸ್-4 ಲಾರಿ ಮಾರುವುದು ಹೇಗೆ ಎಂದೂ ಕೇಳಿದರು. ಕೇಂದ್ರ ಸರ್ಕಾರವೂ ಕಂಪನಿಗಳ ಪರವಾಗಿಯೇ ನಿಂತಿತು.

ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅಧಿಸೂಚನೆಯಲ್ಲಿ 'ತಯಾರಿಕೆ' ಎಂಬ ಪದ ನಿಜವಾಗಿಯೂ ಇತ್ತು. ಹಿಂದಿನ ರೂಢಿಯೂ ಅವರ ಪರವಾಗಿತ್ತು. 8.24 ಲಕ್ಷ ವಾಹನಗಳಲ್ಲಿ 6.71 ಲಕ್ಷ ದ್ವಿಚಕ್ರ ವಾಹನಗಳು, ಸುಮಾರು 96 ಸಾವಿರ ವಾಣಿಜ್ಯ ವಾಹನಗಳು, 40 ಸಾವಿರ ತ್ರಿಚಕ್ರ ವಾಹನಗಳು, 16 ಸಾವಿರ ಕಾರುಗಳು. ಇವುಗಳಲ್ಲಿ ಬಹಳಷ್ಟು ಡೀಲರ್‌ಗಳ ಗೋದಾಮಿನಲ್ಲಿದ್ದವು. ಡೀಲರ್‌ಗಳು ಬ್ಯಾಂಕ್ ಸಾಲ ಮಾಡಿ ಸ್ಟಾಕ್ ತರಿಸುವವರು. ನಷ್ಟದ ಬಿಸಿ ಅವರಿಗೂ ತಟ್ಟುವಂತಿತ್ತು.

ವಿರೋಧ ಬಂದಿದ್ದು ಉದ್ಯಮದ ಒಳಗಿನಿಂದಲೇ!

ಎಂ.ಸಿ. ಮೆಹ್ತಾ ಅವರು 1985ರಲ್ಲಿ ಸಲ್ಲಿಸಿದ್ದ ದೆಹಲಿ ಮಾಲಿನ್ಯದ ಪ್ರಕರಣದ ಭಾಗವಾಗಿ ಈ ವಿಚಾರಣೆ ನಡೆಯಿತು. ಭುರೇ ಲಾಲ್ ನೇತೃತ್ವದ ಪರಿಸರ ಮಾಲಿನ್ಯ ತಡೆ ಮತ್ತು ನಿಯಂತ್ರಣ ಪ್ರಾಧಿಕಾರ, ಅಂದರೆ ಇಪಿಸಿಎ, ಬಿಎಸ್-3 ಮಾರಾಟಕ್ಕೆ ಅವಕಾಶ ಕೊಡಬಾರದು ಎಂದು ಪಟ್ಟು ಹಿಡಿಯಿತು.

ಅಚ್ಚರಿ ಎಂದರೆ ಪುಣೆಯ ಬಜಾಜ್ ಆಟೋ ಕೂಡ ಇತರ ಕಂಪನಿಗಳ ಬೇಡಿಕೆಯನ್ನು ವಿರೋಧಿಸಿತು. ನಾವು ಗಡುವಿಗೆ ಮುಂಚೆಯೇ ಹಣ ಹೂಡಿ ಬಿಎಸ್-4ಗೆ ಬದಲಾಗಿದ್ದೇವೆ, ಈಗ ಉಳಿದವರಿಗೆ ಅಗ್ಗದ ಹಳೆ ವಾಹನ ಮಾರಲು ಬಿಟ್ಟರೆ ನಿಯಮ ಪಾಲಿಸಿದ್ದೇ ನಮಗೆ ಶಿಕ್ಷೆಯಾಗುತ್ತದೆ ಎಂಬುದು ಅದರ ವಾದದ ತಿರುಳು.

ವಿನಾಯಿತಿಯ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಇದೇ. ಒಂದು ಕಡೆ ಉದ್ಯಮ, ಇನ್ನೊಂದು ಕಡೆ ಪರಿಸರ ಎಂದು ನಾವು ನೋಡುತ್ತೇವೆ. ಆದರೆ ಗಡುವಿನ ದಿನ ಉದ್ಯಮದೊಳಗೇ ಎರಡು ಗುಂಪು ಇರುತ್ತವೆ. ಸಿದ್ಧವಾದವರು ಮತ್ತು ಸಿದ್ಧವಾಗದವರು. ವಿನಾಯಿತಿ ಸಿಕ್ಕರೆ ಲಾಭ ಎರಡನೇ ಗುಂಪಿಗೆ. ಮುಂದಿನ ಸಲ ಮೊದಲ ಗುಂಪಿನವರೂ ಯೋಚಿಸುತ್ತಾರೆ: ಹೇಗಿದ್ದರೂ ಗಡುವು ಮುಂದೆ ಹೋಗುತ್ತದೆ, ಈಗಲೇ ಏಕೆ ಖರ್ಚು ಮಾಡಬೇಕು ಎಂದು.

ಕೋರ್ಟ್ ಹೇಳಿದ್ದೇನು?

ನ್ಯಾಯಮೂರ್ತಿಗಳಾದ ಮದನ್ ಬಿ. ಲೋಕುರ್ ಮತ್ತು ದೀಪಕ್ ಗುಪ್ತಾ ಅವರ ಪೀಠ ಮಾರ್ಚ್ 29ರಂದು ಆದೇಶ ನೀಡಿ, ಏಪ್ರಿಲ್ 13ರಂದು ಕಾರಣಗಳನ್ನು ವಿವರಿಸಿತು. ಅದರ ಸಾರಾಂಶ ಹೀಗಿದೆ.

ಒಂದು, ಗಡುವು ಕಂಪನಿಗಳಿಗೆ ಹೊಸದಲ್ಲ. ಬಹಳ ಮುಂಚೆಯೇ ಗೊತ್ತಿದ್ದರೂ ಅವು ಬಿಎಸ್-3 ತಯಾರಿಕೆ ಮುಂದುವರಿಸಿದವು. ಎರಡು, ಶುದ್ಧ ಇಂಧನ ಕೊಡಲು ತೈಲ ಸಂಸ್ಕರಣಾಗಾರಗಳು ಸಾವಿರಾರು ಕೋಟಿ ರೂ. ಸುರಿದಿವೆ. ಆ ಇಂಧನವನ್ನು ಹಳೆ ಎಂಜಿನ್‌ನಲ್ಲಿ ಸುಟ್ಟರೆ ಪೂರ್ಣ ಪ್ರಯೋಜನ ಸಿಗದು. ಮೂರು, ಕೋಟ್ಯಂತರ ಜನರ ಆರೋಗ್ಯದ ಮುಂದೆ ತಯಾರಕರ ವ್ಯಾಪಾರಿ ಹಿತಾಸಕ್ತಿ ದೊಡ್ಡದಲ್ಲ.

ಮಾರ್ಚ್ 31ರೊಳಗೆ ಮಾರಾಟವಾಗಿದೆ ಎಂಬುದಕ್ಕೆ ದಾಖಲೆ ಇದ್ದರೆ ಮಾತ್ರ ನಂತರ ನೋಂದಣಿ ಎಂದು ಕೋರ್ಟ್ ಹೇಳಿತು. ಆ ಎರಡು ದಿನಗಳ ರಿಯಾಯಿತಿ ಸುಗ್ಗಿಗೆ ಕಾರಣ ಇದೇ. ಉಳಿದ ವಾಹನಗಳಿಗೆ ನಿಯಮ ಸಡಿಲವಿರುವ ದೇಶಗಳಿಗೆ ರಫ್ತು, ಎಂಜಿನ್ ಬದಲಾವಣೆ, ಗುಜರಿ ಇವೇ ದಾರಿಗಳಾಗಿದ್ದವು.

ಇನ್ನೊಂದು ಅಡ್ಡದಾರಿಯೂ ತೆರೆದುಕೊಂಡಿತು. ಗುಜರಿ ಲೆಕ್ಕದಲ್ಲಿ ಕಡಿಮೆ ಬೆಲೆಗೆ ಖರೀದಿಸಿದ ಬಿಎಸ್-3 ವಾಹನಗಳನ್ನು ನಕಲಿ ದಾಖಲೆ ಸೃಷ್ಟಿಸಿ ಬಿಎಸ್-4 ಎಂದು ನಾಗಾಲ್ಯಾಂಡ್‌ನಲ್ಲಿ ನೋಂದಣಿ ಮಾಡಿಸಲಾಗಿದೆ ಎಂಬ ಆರೋಪದ ಪ್ರಕರಣ ಆಂಧ್ರಪ್ರದೇಶದಲ್ಲಿ ದಾಖಲಾಯಿತು. ಜಾರಿ ನಿರ್ದೇಶನಾಲಯ 2022ರಲ್ಲಿ ಇದೇ ಪ್ರಕರಣದಲ್ಲಿ ಆಸ್ತಿ ಮುಟ್ಟುಗೋಲು ಹಾಕಿಕೊಂಡಿತು.

ಬಿಎಸ್-6: ಎರಡನೇ ಸುತ್ತು

2016ರ ಜನವರಿಯಲ್ಲೇ ಕೇಂದ್ರ ಸರ್ಕಾರ ಬಿಎಸ್-5 ಹಂತವನ್ನು ಕೈಬಿಟ್ಟು, 2020ರ ಏಪ್ರಿಲ್ 1ರಿಂದ ನೇರವಾಗಿ ಬಿಎಸ್-6 ಜಾರಿ ಮಾಡುವುದಾಗಿ ಪ್ರಕಟಿಸಿತ್ತು. ಕಂಪನಿಗಳಿಗೆ ಸಿಕ್ಕಿದ್ದು ನಾಲ್ಕು ವರ್ಷ. ಆದರೆ ನಂತರ ಬಂದ ನಿಯಮದಲ್ಲಿ ಒಂದು ಕಿಂಡಿ ಇತ್ತು. 2020ರ ಮಾರ್ಚ್‌ವರೆಗೆ ತಯಾರಾದ ಬಿಎಸ್-4 ವಾಹನಗಳನ್ನು ಆ ವರ್ಷದ ಜೂನ್ 30ರವರೆಗೆ, ಕೆಲವು ವಾಣಿಜ್ಯ ವಾಹನಗಳನ್ನು ಸೆಪ್ಟೆಂಬರ್ 30ರವರೆಗೆ ನೋಂದಣಿ ಮಾಡಬಹುದು ಎಂದಿತ್ತು. ಹಿಂದಿನ ಬಾರಿ ಕೋರ್ಟ್‌ನಲ್ಲಿ ಸಿಗದ ವಿನಾಯಿತಿ ಈ ಸಲ ನಿಯಮದೊಳಗೇ ಸೇರಿಕೊಂಡಿತ್ತು.

ಕೋರ್ಟ್‌ಗೆ ನೆರವಾಗಿದ್ದ ಅಮಿಕಸ್ ಕ್ಯೂರಿ ಅಪರಾಜಿತಾ ಸಿಂಗ್ ಇದನ್ನು ವಿರೋಧಿಸಿದರು. 2018ರ ಅಕ್ಟೋಬರ್ 24ರಂದು ಬಂದ ತೀರ್ಪು ಈ ಕಿಂಡಿಯನ್ನು ಮುಚ್ಚಿತು. 2020ರ ಏಪ್ರಿಲ್ 1ರ ನಂತರ ಬಿಎಸ್-4 ಮಾರಾಟವೂ ಇಲ್ಲ, ನೋಂದಣಿಯೂ ಇಲ್ಲ. ಲೋಕುರ್ ಮತ್ತು ಗುಪ್ತಾ ಅವರ ಜೊತೆ ಆ ಪೀಠದಲ್ಲಿ ಇದ್ದವರು ದಕ್ಷಿಣ ಕನ್ನಡ ಮೂಲದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್.

ಈ ಸಲ ತಯಾರಿಗೆ ಒಂದೂವರೆ ವರ್ಷ ಉಳಿದಿತ್ತು. ಬಹುತೇಕ ಕಂಪನಿಗಳು ಗಡುವಿಗೆ ಮುಂಚೆಯೇ ಬಿಎಸ್-6 ಮಾದರಿಗಳನ್ನು ಮಾರುಕಟ್ಟೆಗೆ ತಂದವು. ಹೆಚ್ಚಿನ ಬೈಕ್‌ಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು, ಬೆಲೆಯೂ ಏರಿತು. ಸಣ್ಣ ಡೀಸೆಲ್ ಕಾರಿಗೆ ಖರ್ಚು ಗಿಟ್ಟುವುದಿಲ್ಲ ಎಂದು ಮಾರುತಿ ಸುಜುಕಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ನಿಯಮ ಪಾಲನೆಗೆ ಬೆಲೆ ಇದೆ, ಅದರಲ್ಲಿ ಒಂದು ಪಾಲು ಗ್ರಾಹಕನ ಜೇಬಿನಿಂದಲೇ ಹೋಗುತ್ತದೆ ಎಂಬುದೂ ಸತ್ಯ.

ಲಾಕ್‌ಡೌನ್ ವೇಳೆ ಸಿಕ್ಕ ವಿನಾಯಿತಿ ಏನಾಯಿತು?

2020ರ ಫೆಬ್ರವರಿಯಲ್ಲಿ ಡೀಲರ್‌ಗಳ ಒಕ್ಕೂಟ ಫಾಡಾ ಒಂದು ತಿಂಗಳ ಹೆಚ್ಚುವರಿ ಸಮಯ ಕೇಳಿತು. ಕೋರ್ಟ್ ಒಪ್ಪಲಿಲ್ಲ. ಆದರೆ ಮಾರ್ಚ್ 25ರಿಂದ ಲಾಕ್‌ಡೌನ್. ಶೋರೂಂಗಳಿಗೆ ಬೀಗ. ಸುಮಾರು 7 ಲಕ್ಷ ದ್ವಿಚಕ್ರ ವಾಹನ, 15 ಸಾವಿರ ಕಾರು, 12 ಸಾವಿರ ವಾಣಿಜ್ಯ ವಾಹನಗಳು ಉಳಿದಿವೆ ಎಂದು ಫಾಡಾ ಅಳಲು ತೋಡಿಕೊಂಡಿತು.

ಇದು ಯಾರೂ ಮುಂಚಿತವಾಗಿ ಊಹಿಸದ ಸ್ಥಿತಿ. ಹೀಗಾಗಿ ಮಾರ್ಚ್ 27ರಂದು ಕೋರ್ಟ್ ಸ್ವಲ್ಪ ಸಡಿಲಿಸಿತು. ದೆಹಲಿ-ಎನ್‌ಸಿಆರ್ ಬಿಟ್ಟು ಉಳಿದೆಡೆ, ಲಾಕ್‌ಡೌನ್ ಮುಗಿದ ನಂತರ 10 ದಿನ, ಉಳಿದ ಸ್ಟಾಕ್‌ನಲ್ಲಿ ಶೇ.10ರಷ್ಟನ್ನು ಮಾತ್ರ ಮಾರಬಹುದು ಎಂದಿತು.

ಆದರೆ ಆಗಿದ್ದೇ ಬೇರೆ. 1.05 ಲಕ್ಷ ವಾಹನಗಳಿಗೆ ಅವಕಾಶವಿದ್ದರೆ, ಮಾರಾಟವಾಗಿದ್ದು 2.55 ಲಕ್ಷ ಎಂಬ ಲೆಕ್ಕ ಕೋರ್ಟ್ ಮುಂದೆ ಬಂತು. ಲಾಕ್‌ಡೌನ್ ಇದ್ದ ಮಾರ್ಚ್ ಕೊನೆಯ ದಿನಗಳಲ್ಲೂ ಮಾರಾಟ ಜೋರಾಗಿತ್ತು ಎಂಬುದು ಕೋರ್ಟ್‌ನ ಹುಬ್ಬೇರಿಸಿತು. ಜುಲೈ 8ರಂದು ತನ್ನದೇ ಆದೇಶವನ್ನು ಹಿಂಪಡೆಯಿತು. ಜುಲೈ 31ರಂದು ಬಿಎಸ್-4 ನೋಂದಣಿಯನ್ನೇ ತಡೆಹಿಡಿಯಿತು. ಆಗಸ್ಟ್ 13ರಂದು, ಮಾರ್ಚ್ 31ರೊಳಗೆ ಮಾರಾಟವಾಗಿ ಇ-ವಾಹನ್ ಪೋರ್ಟಲ್‌ನಲ್ಲಿ ವಿವರ ದಾಖಲಾಗಿದ್ದ ವಾಹನಗಳಿಗೆ ಮಾತ್ರ ನೋಂದಣಿಗೆ ಒಪ್ಪಿತು. ಅದೂ ದೆಹಲಿ-ಎನ್‌ಸಿಆರ್ ಹೊರಗೆ.

ಈ ಗೊಂದಲದಲ್ಲಿ ಸಿಕ್ಕಿಬಿದ್ದವರು ಗ್ರಾಹಕರು. ಪೂರ್ತಿ ಹಣ ಕೊಟ್ಟು, ಸಾಲದ ಕಂತು ಕಟ್ಟುತ್ತ, ಡೀಲರ್ ಪೋರ್ಟಲ್‌ನಲ್ಲಿ ವಿವರ ಹಾಕಿದ್ದಾನೋ ಇಲ್ಲವೋ ಗೊತ್ತಿಲ್ಲದೆ ಕಾದವರು. ನಂಬರ್ ಇಲ್ಲದ ವಾಹನ ಮನೆ ಮುಂದೆ ನಿಂತರೂ ರಸ್ತೆಗಿಳಿಸುವಂತಿಲ್ಲ. ರಿಯಾಯಿತಿ ಸಿಕ್ಕಿತೆಂದು ಕೊಂಡ ವಾಹನಕ್ಕೆ ನೋಂದಣಿಯೇ ಇಲ್ಲದಿದ್ದರೆ ಅದರ ಬೆಲೆ ಎಷ್ಟು?

ಈಗಲೂ ಮುಗಿಯದ ಲೆಕ್ಕ

ಹಳೆ ಹಂತದ ವಾಹನ ಅಗ್ಗಕ್ಕೆ ಕೊಂಡವರ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ದೆಹಲಿಯಲ್ಲಿ ಚಳಿಗಾಲದಲ್ಲಿ ಗಾಳಿ ಕೆಟ್ಟು ಗ್ರ್ಯಾಪ್ ಮೂರನೇ ಹಂತ ಜಾರಿಯಾದರೆ ಬಿಎಸ್-3 ಪೆಟ್ರೋಲ್ ಮತ್ತು ಬಿಎಸ್-4 ಡೀಸೆಲ್ ಕಾರುಗಳು ರಸ್ತೆಗಿಳಿಯುವಂತಿಲ್ಲ. 2025ರ ನವೆಂಬರ್ 1ರಿಂದ ಹೊರ ರಾಜ್ಯಗಳಲ್ಲಿ ನೋಂದಣಿಯಾದ ಬಿಎಸ್-3 ಮತ್ತು ಅದಕ್ಕಿಂತ ಹಳೆಯ ಸರಕು ವಾಹನಗಳಿಗೆ ದೆಹಲಿ ಪ್ರವೇಶವೇ ಬಂದ್. ಕಂಪನಿ ಸ್ಟಾಕ್ ಖಾಲಿ ಮಾಡಿ ಕೈತೊಳೆದುಕೊಂಡಿತು. ಹತ್ತಾರು ವರ್ಷ ಓಡುವ ವಾಹನದ ನಿರ್ಬಂಧ ಮಾತ್ರ ಮಾಲೀಕನ ತಲೆಗೆ.

ಕಲ್ಲಿದ್ದಲು ಸ್ಥಾವರಗಳಿಗೆ ಸಿಕ್ಕಿದ್ದು ಬೇರೆ ಉತ್ತರ

ಎಲ್ಲ ಉದ್ಯಮಗಳಿಗೂ ಇದೇ ಉತ್ತರ ಸಿಕ್ಕಿದೆ ಎಂದಲ್ಲ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಉದಾಹರಣೆ ನೋಡಿ. ಚಿಮಣಿಯಿಂದ ಬರುವ ಗಂಧಕದ ಡೈಆಕ್ಸೈಡ್‌ಗೆ ಕೇಂದ್ರ ಸರ್ಕಾರ 2015ರ ಡಿಸೆಂಬರ್‌ನಲ್ಲಿ ಮಿತಿ ನಿಗದಿ ಮಾಡಿ, ಪಾಲಿಸಲು ಎರಡು ವರ್ಷ ಕೊಟ್ಟಿತು. ಇದಕ್ಕೆ ಎಫ್‌ಜಿಡಿ ಎಂಬ ಹೊಗೆ ತೊಳೆಯುವ ಘಟಕ ಬೇಕು. ವೆಚ್ಚ ಹೆಚ್ಚು, ಉಪಕರಣ ಸಿಗುತ್ತಿಲ್ಲ, ವಿದ್ಯುತ್ ದರ ಏರುತ್ತದೆ ಎಂದು ಸ್ಥಾವರಗಳು ಹೇಳಿದವು. 2017, 2021, 2022, 2024ರಲ್ಲಿ ಗಡುವು ಮುಂದಕ್ಕೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ಶೇ.78ರಷ್ಟು ಘಟಕಗಳಿಗೆ ಚಿಮಣಿಯ ಎತ್ತರದ ಷರತ್ತಿನೊಂದಿಗೆ ಈ ಮಿತಿಯಿಂದಲೇ ವಿನಾಯಿತಿ ಸಿಕ್ಕಿತು.

ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಗಾಳಿಯಲ್ಲಿ ಈ ಅನಿಲ ಮಿತಿಯೊಳಗೇ ಇದೆ, ಎಫ್‌ಜಿಡಿಗೆ ಬೇಕಾದ ಸುಣ್ಣದ ಕಲ್ಲು ಮತ್ತು ವಿದ್ಯುತ್‌ನಿಂದ ಇಂಗಾಲ ಹೊರಸೂಸುವಿಕೆ ಹೆಚ್ಚುತ್ತದೆ ಎಂಬುದು ಸರ್ಕಾರದ ಸಮರ್ಥನೆ. ಈ ಅನಿಲ ಗಾಳಿಯಲ್ಲೇ ಸಲ್ಫೇಟ್ ಕಣವಾಗಿ ಬದಲಾಗಿ ನೂರಾರು ಕಿಲೋಮೀಟರ್ ಸಾಗುತ್ತದೆ, ಅನಿಲವನ್ನಷ್ಟೇ ಅಳೆದರೆ ಸಾಲದು ಎಂಬುದು ಟೀಕಾಕಾರರ ಉತ್ತರ. ಚಿಕ್ಕು ತೋಟಗಳಿಗೆ ಹೆಸರಾದ ಮಹಾರಾಷ್ಟ್ರದ ಡಹಾಣುವಿನ ಸ್ಥಾವರದಲ್ಲಿ, ಅಲ್ಲಿನ ಪರಿಸರ ಪ್ರಾಧಿಕಾರ ಪಟ್ಟು ಬಿಡದ ಕಾರಣ, 2007ರಲ್ಲೇ ಎಫ್‌ಜಿಡಿ ಬಂದಿತ್ತು ಎಂಬುದನ್ನೂ ಇಲ್ಲಿ ನೆನಪಿಸಿಕೊಳ್ಳಬೇಕು.

ವಿನಾಯಿತಿ ಸುದ್ದಿ ಬಂದಾಗ ಗಮನಿಸಬೇಕಾದ 4 ಅಂಶಗಳು

1. ನಿಯಮ ಯಾವಾಗ ಗೊತ್ತಾಗಿತ್ತು? ವರ್ಷಗಳ ಮುಂಚೆ ಗೊತ್ತಿದ್ದ ಗಡುವು ಬೇರೆ, ಲಾಕ್‌ಡೌನ್‌ನಂತಹ ದಿಢೀರ್ ಸಂಕಷ್ಟ ಬೇರೆ. ಕೋರ್ಟ್ ಎರಡಕ್ಕೂ ಬೇರೆ ಬೇರೆ ಉತ್ತರ ಕೊಟ್ಟಿತು.

2. ಅದೇ ಉದ್ಯಮದಲ್ಲಿ ಬೇರೆಯವರು ಪಾಲಿಸಿದ್ದಾರೆಯೇ? ಒಬ್ಬರಿಗೆ ಸಾಧ್ಯವಾಗಿದ್ದರೆ 'ಸಾಧ್ಯವೇ ಇಲ್ಲ' ಎಂಬ ವಾದ ದುರ್ಬಲವಾಗುತ್ತದೆ.

3. ವಿನಾಯಿತಿಗೆ ಕೊನೆಯ ದಿನ ಮತ್ತು ಸಂಖ್ಯೆಯ ಮಿತಿ ಇದೆಯೇ, ಅದನ್ನು ಲೆಕ್ಕ ಇಡುವವರು ಯಾರು? 10 ದಿನ, ಶೇ.10 ಎಂಬ ಸ್ಪಷ್ಟ ಮಿತಿ ಇದ್ದಾಗಲೂ 2020ರಲ್ಲಿ ಲೆಕ್ಕ ತಪ್ಪಿತು.

4. ಉಳಿದ ಬೆಲೆ ಯಾರ ಪಾಲಿಗೆ? ಮಾಲಿನ್ಯ ತಡೆಯುವ ಖರ್ಚು ಕಂಪನಿಯ ಲೆಕ್ಕದಿಂದ ಹೋದರೆ ಅದು ಪ್ರತಿಸ್ಪರ್ಧಿಯ, ಗ್ರಾಹಕನ ಅಥವಾ ರಸ್ತೆ ಬದಿ ಉಸಿರಾಡುವವನ ಲೆಕ್ಕಕ್ಕೆ ಸೇರುತ್ತದೆ.

ವಾಹನ ಕೊಳ್ಳುವವರಿಗೆ ಒಂದು ಕಿವಿಮಾತು. ಮುಂದಿನ ಸಲ ಮಾನದಂಡ ಬದಲಾಗುವ ಹೊತ್ತಿಗೆ ಭಾರಿ ರಿಯಾಯಿತಿ ಕಂಡರೆ, ಹಣ ಕಟ್ಟುವ ಮುನ್ನ ವಾಹನ ಯಾವ ಹಂತದ್ದು, ಕೊನೆಯ ನೋಂದಣಿ ದಿನಾಂಕ ಯಾವುದು ಎಂದು ಕೇಳಿ. ಮಾರಾಟದ ವಿವರ ವಾಹನ್ ಪೋರ್ಟಲ್‌ಗೆ ಸೇರಿ ನೋಂದಣಿ ಸಂಖ್ಯೆ ಕೈಗೆ ಬರುವವರೆಗೂ ಬೆನ್ನು ಬಿಡಬೇಡಿ. 2020ರಲ್ಲಿ ಎಷ್ಟೋ ಜನರ ವಾಹನ ರಸ್ತೆಗಿಳಿಯಬೇಕೋ ಬೇಡವೋ ಎಂಬುದು ನಿರ್ಧಾರವಾಗಿದ್ದು ಆ ಒಂದು ನಮೂದಿನಿಂದಲೇ.